ಗುಂಡಿನಿಂದ ಕೋವಿಯ ಕಡೆಗೆ: ದೂರದ ಗುರಿಗೆ ತೋಟಾ ಮತ್ತು ರೈಫಲ್ ಹೊಂದಿಸುವ ಬಗೆ

1955ರಲ್ಲಿ ಅಮೆರಿಕದ ಎರಡು ಕಂಪನಿಗಳು ಹೆಚ್ಚುಕಡಿಮೆ ಒಂದೇ ಅಳತೆಯ ಎರಡು ಹೊಸ ತೋಟಾಗಳನ್ನು ಮಾರುಕಟ್ಟೆಗೆ ತಂದವು. ಒಂದು .243 ವಿಂಚೆಸ್ಟರ್, ಇನ್ನೊಂದು .244 ರೆಮಿಂಗ್ಟನ್. ಹೆಸರಿನ ಸಂಖ್ಯೆಗಳು ಬೇರೆಯಾಗಿದ್ದರೂ ಎರಡರಲ್ಲೂ ಕೂರುವ ಗುಂಡಿನ ವ್ಯಾಸ ಒಂದೇ, .243 ಇಂಚು. ಮದ್ದು ಹಿಡಿಯುವ ಹಿತ್ತಾಳೆಯ ಕೋಶವನ್ನು ನೋಡಿದರೆ ರೆಮಿಂಗ್ಟನ್ನಿನದೇ ತುಸು ದೊಡ್ಡದು. ಕಾಗದದ ಮೇಲೆ ಗೆಲ್ಲಬೇಕಾಗಿದ್ದುದು ಅದೇ. ಆದರೆ ವಿಂಚೆಸ್ಟರ್ ತನ್ನ ನಳಿಗೆಯ ಒಳಗೋಡೆಯ ಸುರುಳಿ ಗೀರುಗಳನ್ನು 10 ಇಂಚಿಗೆ ಒಂದು ಸುತ್ತು ಬರುವಂತೆ ಕೊರೆದಿತ್ತು, ರೆಮಿಂಗ್ಟನ್ 12 ಇಂಚಿಗೆ ಒಂದು ಸುತ್ತು ಬರುವಂತೆ ಕೊರೆದಿತ್ತು. ಈ ಎರಡು ಇಂಚಿನ ವ್ಯತ್ಯಾಸದಿಂದಾಗಿ 100 ಗ್ರೇನ್ ತೂಕದ ಉದ್ದನೆಯ ಗುಂಡನ್ನು .243 ನೇರವಾಗಿ ಹಾರಿಸುತ್ತಿತ್ತು; .244ಕ್ಕೆ 90 ಗ್ರೇನ್ ಆಚೆ ಭರವಸೆ ಇರಲಿಲ್ಲ. ಸಣ್ಣ ಪ್ರಾಣಿಗಳಿಗೂ ಜಿಂಕೆಗೂ ಒಂದೇ ರೈಫಲ್ ಸಾಕು ಎಂದು ಬಯಸುತ್ತಿದ್ದ ಕೊಳ್ಳುಗರು .243ರ ಕಡೆ ಹೋದರು. ರೆಮಿಂಗ್ಟನ್ 1963ರಲ್ಲಿ ಅದೇ ತೋಟಾಕ್ಕೆ 6 ಎಂಎಂ ರೆಮಿಂಗ್ಟನ್ ಎಂದು ಹೊಸ ಹೆಸರಿಟ್ಟು, 9 ಇಂಚಿಗೆ ಒಂದು ಸುತ್ತಿನ ನಳಿಗೆಯೊಂದಿಗೆ ಮತ್ತೆ ತಂದಿತು. ಅಷ್ಟರಲ್ಲಿ ಮಾರುಕಟ್ಟೆ ಕೈತಪ್ಪಿತ್ತು.

ದೂರದ ಗುರಿಗೆ ಹೊಡೆಯುವ ಕ್ರೀಡೆಗೆ ಹೊಸದಾಗಿ ಬರುವವರು ಸಾಮಾನ್ಯವಾಗಿ ಕೇಳುವ ಮೊದಲ ಪ್ರಶ್ನೆ, ಯಾವ ತೋಟಾ ಒಳ್ಳೆಯದು ಎಂಬುದು. ಎರಡನೆಯದು, ಯಾವ ರೈಫಲ್ ಒಳ್ಳೆಯದು ಎಂಬುದು. ಈ ಎರಡನ್ನೂ ಬೇರೆ ಬೇರೆಯಾಗಿ ಕೇಳುವುದರಲ್ಲೇ ತಪ್ಪಿದೆ ಎಂಬುದನ್ನು ಮೇಲಿನ ಪ್ರಸಂಗ ತೋರಿಸುತ್ತದೆ. ತೋಟಾ ಮತ್ತು ರೈಫಲ್ ಸೇರಿ ಒಂದೇ ಯಂತ್ರ. ಆ ಯಂತ್ರದಿಂದ ಹೊರಬಿದ್ದು ಗುರಿಯವರೆಗೆ ಹೋಗುವುದು ಗುಂಡು ಮಾತ್ರ. ಆದ್ದರಿಂದ ಲೆಕ್ಕ ಗುಂಡಿನಿಂದ ಆರಂಭವಾಗಬೇಕು: ಎಷ್ಟು ದೂರ, ಅಷ್ಟು ದೂರಕ್ಕೆ ಎಂಥ ಗುಂಡು, ಆ ಗುಂಡಿಗೆ ಎಷ್ಟು ಸುತ್ತಿನ ನಳಿಗೆ, ಆ ಗುಂಡು ಕೂರಲು ಎಂಥ ಕೋಶ ಮತ್ತು ಚೇಂಬರ್ (ನಳಿಗೆಯ ಹಿಂತುದಿಯಲ್ಲಿ ತೋಟಾ ಕೂರುವ ಗೂಡು), ಆ ಕೋಶಕ್ಕೆ ಎಂಥ ಬೋಲ್ಟ್ (ತೋಟಾವನ್ನು ಹಿಂದಿನಿಂದ ಮುಚ್ಚಿ ಹಿಡಿಯುವ ಅಗುಳಿ) ಮತ್ತು ಮ್ಯಾಗಜೀನ್ (ತೋಟಾಗಳನ್ನು ತುಂಬಿಡುವ ಪೆಟ್ಟಿಗೆ), ಇದೆಲ್ಲದರ ಒದೆತವನ್ನು ತಾಳಲು ಎಷ್ಟು ಭಾರದ ಕೋವಿ. ಈ ಕ್ರಮವನ್ನು ತಿರುಗುಮುರುಗು ಮಾಡಿದವರು ನಳಿಗೆಯನ್ನು ಎರಡು ಸಲ ಕೊಳ್ಳುತ್ತಾರೆ.

ಮೊದಲಿಗೆ ಒಂದೆರಡು ಪದಗಳನ್ನು ಸ್ಪಷ್ಟಪಡಿಸಿಕೊಳ್ಳೋಣ. ಕೋಶ, ಅದರ ತಳದಲ್ಲಿದ್ದು ಮದ್ದಿಗೆ ಕಿಡಿ ಹೊತ್ತಿಸುವ ಪ್ರೈಮರ್, ಒಳಗಿನ ಮದ್ದು, ಬಾಯಲ್ಲಿ ಕೂತಿರುವ ಗುಂಡು, ಈ ನಾಲ್ಕೂ ಸೇರಿದ್ದು ತೋಟಾ. ಹಾರಿಹೋಗುವುದು ಗುಂಡು ಮಾತ್ರ. ಗುಂಡಿನ ತೂಕವನ್ನು ಇಂದಿಗೂ ಗ್ರೇನ್‌ಗಳಲ್ಲಿ ಹೇಳುತ್ತಾರೆ, ಸುಮಾರು 15.4 ಗ್ರೇನ್ ಸೇರಿದರೆ ಒಂದು ಗ್ರಾಂ. ದೂರವನ್ನು ಅಮೆರಿಕ, ಬ್ರಿಟನ್‌ಗಳ ಪಂದ್ಯಗಳಲ್ಲಿ ಗಜಗಳಲ್ಲಿ ಅಳೆಯುತ್ತಾರೆ. 1,000 ಗಜವೆಂದರೆ 914 ಮೀಟರ್. ಈ ಲೇಖನದಲ್ಲಿ ‘ದೂರದ ಗುರಿ’ ಎಂದಾಗಲೆಲ್ಲ ಆ 1,000 ಗಜವನ್ನೇ ಮನಸ್ಸಿನಲ್ಲಿ ಇಟ್ಟುಕೊಂಡಿದ್ದೇನೆ. ಲಂಡನ್ ಬಳಿಯ ಬಿಸ್ಲಿಯಲ್ಲಿ 1890ರಿಂದ, ಅದಕ್ಕೂ ಹಿಂದೆ ವಿಂಬಲ್ಡನ್ನಿನ ಬಯಲಿನಲ್ಲಿ ಮತ್ತು ನ್ಯೂಯಾರ್ಕ್ ಬಳಿಯ ಕ್ರೀಡ್‌ಮೋರ್‌ನಲ್ಲಿ ಈ ದೂರದ ಪಂದ್ಯಗಳು ನಡೆಯುತ್ತ ಬಂದಿವೆ.

ಅಷ್ಟು ದೂರದಲ್ಲಿ ಶೂಟರ್‌ನನ್ನು ಸೋಲಿಸುವುದು ಗುಂಡು ಕೆಳಗೆ ಬೀಳುವುದಲ್ಲ, ಗಾಳಿ. ಈ ಮಾತು ಮೊದಲ ಸಲ ಕೇಳಿದವರಿಗೆ ಸುಲಭವಾಗಿ ಒಪ್ಪಿಗೆಯಾಗುವುದಿಲ್ಲ, ಏಕೆಂದರೆ ಬೀಳುವ ಅಂಕಿಗಳು ಹೆದರಿಸುವಷ್ಟು ದೊಡ್ಡವು: 100 ಗಜಕ್ಕೆ ಹೊಂದಿಸಿದ .308 ವಿಂಚೆಸ್ಟರ್ ರೈಫಲ್ಲಿನ ಗುಂಡು 1,000 ಗಜದಲ್ಲಿ ಸುಮಾರು ಹತ್ತು ಮೀಟರ್ ಕೆಳಗೆ ಇರುತ್ತದೆ. ಆದರೆ ಗುರುತ್ವಾಕರ್ಷಣೆ ದಿನದಿಂದ ದಿನಕ್ಕೆ ಬದಲಾಗುವುದಿಲ್ಲ. ದೂರ ಗೊತ್ತಿದ್ದರೆ ದೂರದರ್ಶಕದ ಗುಂಡಿಯನ್ನು ಅಷ್ಟು ತಿರುಗಿಸಿದರೆ ಮುಗಿಯಿತು. ಗಾಳಿ ಹಾಗಲ್ಲ. ಅದು ಕ್ಷಣಕ್ಕೊಮ್ಮೆ ಬದಲಾಗುತ್ತದೆ, ಮತ್ತು ಅದನ್ನು ಅಂದಾಜು ಮಾಡುವವನು ತಪ್ಪುತ್ತಾನೆ. ಆ ತಪ್ಪಿಗೆ ದಂಡ ಎಷ್ಟು ಎಂಬುದನ್ನು ತೀರ್ಮಾನಿಸುವುದು ಗುಂಡು.

ಈ ದಂಡದ ಲೆಕ್ಕ ತುಂಬ ಸರಳ. ಅಡ್ಡಗಾಳಿ ಗುಂಡನ್ನು ಎಷ್ಟು ಪಕ್ಕಕ್ಕೆ ತಳ್ಳುತ್ತದೆ ಎಂಬುದು ಗುಂಡು ಗಾಳಿಯಲ್ಲಿ ಇದ್ದ ಒಟ್ಟು ಸಮಯವನ್ನು ಅವಲಂಬಿಸಿಲ್ಲ. ಗಾಳಿಯೇ ಇಲ್ಲದ ನಿರ್ವಾತದಲ್ಲಿ ಹಾರಿದ್ದರೆ ಬೇಕಾಗುತ್ತಿದ್ದ ಸಮಯಕ್ಕಿಂತ ಅದು ಎಷ್ಟು ತಡವಾಯಿತು ಎಂಬುದನ್ನು ಅವಲಂಬಿಸಿದೆ. ಆ ವಿಳಂಬವನ್ನು ಗಾಳಿಯ ವೇಗದಿಂದ ಗುಣಿಸಿದರೆ ಪಕ್ಕಕ್ಕೆ ಸರಿದ ಅಂತರ ಸಿಗುತ್ತದೆ. .308ರ 175 ಗ್ರೇನ್ ಪಂದ್ಯದ ಗುಂಡನ್ನು ಸೆಕೆಂಡಿಗೆ 792 ಮೀಟರ್ ವೇಗದಲ್ಲಿ ಹಾರಿಸಿದೆವು ಎನ್ನಿ. ನಿರ್ವಾತದಲ್ಲಿ ಅದಕ್ಕೆ 914 ಮೀಟರ್ ಕ್ರಮಿಸಲು 1.15 ಸೆಕೆಂಡು ಸಾಕು. ವಾಸ್ತವದಲ್ಲಿ ಸುಮಾರು 1.7 ಸೆಕೆಂಡು ಬೇಕು. ವಿಳಂಬ 0.55 ಸೆಕೆಂಡು. ಗಂಟೆಗೆ 16 ಕಿಲೋಮೀಟರ್ ಅಡ್ಡಗಾಳಿ, ಅಂದರೆ ಸೆಕೆಂಡಿಗೆ ಸುಮಾರು 4.5 ಮೀಟರ್, ಗುಂಡನ್ನು ಎರಡೂವರೆ ಮೀಟರಿನಷ್ಟು ಪಕ್ಕಕ್ಕೆ ಒಯ್ಯುತ್ತದೆ. ಅದೇ ಗಾಳಿಯಲ್ಲಿ 6.5 ಕ್ರೀಡ್‌ಮೋರ್ ಎಂಬ ಇನ್ನೊಂದು ತೋಟಾದ 140 ಗ್ರೇನ್ ಗುಂಡು ಸೆಕೆಂಡಿಗೆ 823 ಮೀಟರ್ ವೇಗದಲ್ಲಿ ಹೊರಟರೆ ಅದರ ವಿಳಂಬ ಸುಮಾರು 0.38 ಸೆಕೆಂಡು, ಸರಿತ ಸುಮಾರು 1.7 ಮೀಟರ್. ಹೊರಡುವ ವೇಗದಲ್ಲಿ ಎರಡಕ್ಕೂ ಇರುವ ವ್ಯತ್ಯಾಸ ಶೇ 4 ಮಾತ್ರ. ಗಾಳಿಯ ಸರಿತದಲ್ಲಿ ವ್ಯತ್ಯಾಸ ಶೇ 30ರಷ್ಟು. ಗಾಳಿಯನ್ನು ಕಾಲು ಪಾಲು ತಪ್ಪಾಗಿ ಓದಿದ ಶೂಟರ್ ಒಬ್ಬನೇ ಆದರೂ, ಒಂದು ರೈಫಲ್ಲಿನಲ್ಲಿ ಅವನ ಗುಂಡು ಅರವತ್ತು ಸೆಂಟಿಮೀಟರ್ ತಪ್ಪುತ್ತದೆ, ಇನ್ನೊಂದರಲ್ಲಿ ನಲವತ್ತರ ಆಸುಪಾಸು.

ಆ ವ್ಯತ್ಯಾಸ ಬರುವುದು ಗುಂಡಿನ ಆಕಾರದಿಂದ. ತೂಕಕ್ಕೆ ಹೋಲಿಸಿದರೆ ಸಪುರವಾದ, ಉದ್ದವಾದ, ಮೂತಿ ಚೂಪಾದ, ಬಾಲ ದೋಣಿಯ ಹಿಂಭಾಗದಂತೆ ಒಳಸರಿದ ಗುಂಡು ಗಾಳಿಯನ್ನು ಚೆನ್ನಾಗಿ ಸೀಳುತ್ತದೆ. ಈ ಗುಣವನ್ನು ಒಂದು ಸಂಖ್ಯೆಯಲ್ಲಿ ಹೇಳುವುದನ್ನು ಬ್ಯಾಲಿಸ್ಟಿಕ್ ಗುಣಾಂಕ ಎನ್ನುತ್ತಾರೆ, ಹೆಚ್ಚಿದ್ದಷ್ಟೂ ಒಳ್ಳೆಯದು. ಆದರೆ ಈ ಸಂಖ್ಯೆಗೆ ಜಿ1 ಮತ್ತು ಜಿ7 ಎಂಬ ಎರಡು ಮಾಪಕಗಳಿವೆ. ಜಿ1 ಹಳೆಯ ಕಾಲದ ಚಪ್ಪಟೆ ತಳದ ಮಾದರಿ ಗುಂಡಿಗೆ ಹೋಲಿಸಿ ಅಳೆಯುತ್ತದೆ, ಜಿ7 ಇಂದಿನ ಉದ್ದನೆಯ ದೋಣಿಬಾಲದ ಗುಂಡಿಗೆ ಹೋಲಿಸಿ ಅಳೆಯುತ್ತದೆ. ಒಂದೇ ಗುಂಡಿನ ಜಿ1 ಅಂಕಿ ಜಿ7 ಅಂಕಿಯ ಹೆಚ್ಚುಕಡಿಮೆ ಎರಡು ಪಟ್ಟು ಇರುತ್ತದೆ. ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಕಾಣುವುದು ಜಿ1 ಅಂಕಿಯೇ ಆದ್ದರಿಂದ, ಒಂದು ಗುಂಡಿನ ಜಿ1ನ್ನು ಇನ್ನೊಂದರ ಜಿ7ರೊಂದಿಗೆ ಹೋಲಿಸುವ ತಪ್ಪು ಪದೇ ಪದೇ ಆಗುತ್ತದೆ. ದೂರದ ಗುರಿಗೆ ಜಿ7ನ್ನೇ ನಂಬುವುದು ಸರಿ.

ಇನ್ನೊಂದು ಮಿತಿಯೂ ಇದೆ, ಅದು ಶಬ್ದದ ವೇಗ. 15 ಡಿಗ್ರಿ ಸೆಲ್ಸಿಯಸ್‌ನಲ್ಲಿ ಶಬ್ದ ಸೆಕೆಂಡಿಗೆ 340 ಮೀಟರ್ ಸಾಗುತ್ತದೆ. ಅದಕ್ಕಿಂತ ವೇಗವಾಗಿ ಹೊರಟ ಗುಂಡು ನಿಧಾನವಾಗುತ್ತ ಆ ವೇಗದ ಹತ್ತಿರ ಬಂದಾಗ ಅದರ ಸುತ್ತಲಿನ ಆಘಾತ ತರಂಗಗಳು ಜಾಗ ಬದಲಿಸುತ್ತವೆ, ಗುಂಡಿನ ಮೇಲಿನ ಒತ್ತಡದ ಕೇಂದ್ರ ಸರಿಯುತ್ತದೆ, ಕೆಲವು ಗುಂಡುಗಳು ತೂರಾಡತೊಡಗುತ್ತವೆ. ಇದಕ್ಕೆ ಪ್ರಸಿದ್ಧ ಉದಾಹರಣೆ ಸಿಯೆರಾ ಮ್ಯಾಚ್‌ಕಿಂಗ್ ಸರಣಿಯ .308ರ 168 ಗ್ರೇನ್ ಗುಂಡು. ಅದು 300 ಮೀಟರ್ ಅಂತರರಾಷ್ಟ್ರೀಯ ಪಂದ್ಯಕ್ಕಾಗಿ ರೂಪಿಸಿದ್ದು, ಆ ದೂರದಲ್ಲಿ ಅದರ ನಿಖರತೆಗೆ ಇಂದಿಗೂ ಹೆಸರಿದೆ. ಆದರೆ ಅದರ ಬಾಲದ ಓರೆ 13 ಡಿಗ್ರಿ. ಶಬ್ದದ ವೇಗವನ್ನು ದಾಟಿ ಕೆಳಗಿಳಿಯುವಾಗ ಅದು ಸಮತೋಲ ಕಳೆದುಕೊಳ್ಳುತ್ತದೆ. ಬಾಲದ ಓರೆಯನ್ನು 9 ಡಿಗ್ರಿಗೆ ಇಳಿಸಿದ 175 ಗ್ರೇನ್ ಗುಂಡು ಅದೇ ನಳಿಗೆಯಿಂದ, ಕೇವಲ ಏಳು ಗ್ರೇನ್ ಹೆಚ್ಚು ತೂಕದೊಂದಿಗೆ, 1,000 ಗಜವನ್ನು ನೆಟ್ಟಗೆ ತಲುಪುತ್ತದೆ. ತೋಟಾದ ಹೆಸರು ಎರಡರ ಮೇಲೂ .308 ವಿಂಚೆಸ್ಟರ್ ಎಂದೇ ಇರುತ್ತದೆ. ತೋಟಾದ ಹೆಸರು ಎಷ್ಟು ಕಡಿಮೆ ಹೇಳುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ.

ಶಬ್ದದ ವೇಗದ ಈ ತೊಡಕನ್ನು ತಪ್ಪಿಸುವ ಇನ್ನೊಂದು ದಾರಿ ಅದನ್ನು ದಾಟದೇ ಇರುವುದು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಸ್ವಪ್ನಿಲ್ ಕುಸಾಳೆ ಕಂಚು ಗೆದ್ದ 50 ಮೀಟರ್ ತ್ರೀ ಪೊಸಿಷನ್ ಸ್ಪರ್ಧೆಯಲ್ಲಿ ಬಳಸುವ .22 ಪಂದ್ಯದ ತೋಟಾಗಳನ್ನು ಶಬ್ದಕ್ಕಿಂತ ತುಸು ನಿಧಾನವಾಗಿಯೇ ಹೊರಡುವಂತೆ ತಯಾರಿಸುತ್ತಾರೆ. 50 ಮೀಟರಿಗೆ ಅದು ಸರಿಹೋಗುತ್ತದೆ. 914 ಮೀಟರಿಗೆ ಸರಿಹೋಗುವುದಿಲ್ಲ. ಅಲ್ಲಿ ಗುರಿ ಮುಟ್ಟುವವರೆಗೂ ಶಬ್ದಕ್ಕಿಂತ ಸಾಕಷ್ಟು ವೇಗವಾಗಿರಬಲ್ಲ ಗುಂಡನ್ನೇ ಆರಿಸಬೇಕು. ಗಾಳಿ ತೆಳುವಾಗಿದ್ದಲ್ಲಿ ಇದು ಸ್ವಲ್ಪ ಸುಲಭ: ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನ ಗಾಳಿ ಕಡಲತಡಿಯ ಮಂಗಳೂರಿನದಕ್ಕಿಂತ ಸುಮಾರು ಶೇ 8ರಷ್ಟು ವಿರಳ, ಆದ್ದರಿಂದ ಒಂದೇ ಗುಂಡು ಬೆಂಗಳೂರಿನ ಎತ್ತರದಲ್ಲಿ ತನ್ನ ವೇಗವನ್ನು ಹೆಚ್ಚು ದೂರ ಉಳಿಸಿಕೊಳ್ಳುತ್ತದೆ.

ಹೀಗೆ ಲೆಕ್ಕ ನಮ್ಮನ್ನು ಉದ್ದನೆಯ ಗುಂಡಿನ ಕಡೆಗೆ ಕರೆದೊಯ್ಯುತ್ತದೆ. ಉದ್ದನೆಯ ಗುಂಡು ಒಂದು ಷರತ್ತು ಹಾಕುತ್ತದೆ: ನನ್ನನ್ನು ಬಿರುಸಾಗಿ ತಿರುಗಿಸು. ಬುಗುರಿ ನಿಲ್ಲುವುದು ತಿರುಗುವುದರಿಂದ. ಉದ್ದನೆಯ, ಸಪುರ ಬುಗುರಿಗೆ ಗಿಡ್ಡ ಬುಗುರಿಗಿಂತ ಹೆಚ್ಚು ಬಿರುಸು ಬೇಕು. ಗುಂಡಿನ ತೂಕದ ಕೇಂದ್ರ ಹಿಂದಕ್ಕೂ ಗಾಳಿಯ ಒತ್ತಡದ ಕೇಂದ್ರ ಮುಂದಕ್ಕೂ ಇರುವುದರಿಂದ, ತಿರುಗದ ಗುಂಡನ್ನು ಗಾಳಿ ಹಿಮ್ಮೊಗವಾಗಿ ಮಗುಚಲು ನೋಡುತ್ತದೆ. ಉದ್ದ ಹೆಚ್ಚಿದಷ್ಟೂ ಈ ಮಗುಚುವ ಶಕ್ತಿ ಹೆಚ್ಚು. ಅದನ್ನು ತಡೆಯುವುದು ನಳಿಗೆಯ ಸುರುಳಿ ಗೀರು ಕೊಡುವ ಸುತ್ತು. 8 ಇಂಚಿಗೆ ಒಂದು ಸುತ್ತಿನ ನಳಿಗೆಯಿಂದ ಸೆಕೆಂಡಿಗೆ 823 ಮೀಟರ್ ವೇಗದಲ್ಲಿ ಹೊರಬಿದ್ದ ಗುಂಡು ಸೆಕೆಂಡಿಗೆ ನಾಲ್ಕು ಸಾವಿರಕ್ಕೂ ಹೆಚ್ಚು ಸುತ್ತು ತಿರುಗುತ್ತಿರುತ್ತದೆ.

ಈ ತಿಳಿವಳಿಕೆ ಅನುಭವದಿಂದಲೇ ಬಂದದ್ದು. ನಮ್ಮಲ್ಲಿ 1857ರ ಸಿಪಾಯಿಗಳ ದಂಗೆಗೆ ಕಿಡಿಯಾದ ಕೊಬ್ಬು ಸವರಿದ ತೋಟಾ ಯಾವ ಕೋವಿಯದೋ, ಆ 1853ರ ಎನ್‌ಫೀಲ್ಡ್ ರೈಫಲ್ಲಿನ ನಳಿಗೆ .577 ಇಂಚು ಅಗಲ, 78 ಇಂಚಿಗೆ ಒಂದು ಸುತ್ತು. ಅದರ ಗಿಡ್ಡ ದಪ್ಪ ಗುಂಡಿಗೆ ಅಷ್ಟು ಸಾಕಾಗಿತ್ತು. ಅದೇ 1857ರಲ್ಲಿ ಇಂಗ್ಲೆಂಡಿನ ಹೈದ್‌ನಲ್ಲಿ ನಡೆದ ಪರೀಕ್ಷೆಗೆ ಮ್ಯಾಂಚೆಸ್ಟರಿನ ಎಂಜಿನಿಯರ್ ಜೋಸೆಫ್ ವಿಟ್‌ವರ್ತ್ .451 ಇಂಚಿನ ಆರು ಮೂಲೆಯ ನಳಿಗೆಯನ್ನು ತಂದ. ಸುತ್ತು 20 ಇಂಚಿಗೆ ಒಂದು, ಗುಂಡು ಉದ್ದ ಮತ್ತು ಸಪುರ. ಎನ್‌ಫೀಲ್ಡ್ ಅದರ ಹತ್ತಿರವೂ ಬರಲಿಲ್ಲ. ಬೆಲೆ ಹೆಚ್ಚು, ಮದ್ದಿನ ಮಸಿ ಬೇಗ ಕಟ್ಟಿಕೊಳ್ಳುತ್ತದೆ ಎಂಬ ಕಾರಣಗಳಿಂದ ಸೈನ್ಯ ಅದನ್ನು ಒಪ್ಪದಿದ್ದರೂ, 1860ರಲ್ಲಿ ವಿಂಬಲ್ಡನ್ನಿನ ಮೊದಲ ಪಂದ್ಯವನ್ನು ವಿಕ್ಟೋರಿಯಾ ರಾಣಿ ಉದ್ಘಾಟಿಸಿದ್ದು ವಿಟ್‌ವರ್ತ್ ರೈಫಲ್ಲಿನಿಂದ 400 ಗಜಕ್ಕೆ ಹೊಡೆದ ಒಂದು ಗುಂಡಿನಿಂದ.

ಎಷ್ಟು ಉದ್ದಕ್ಕೆ ಎಷ್ಟು ಸುತ್ತು ಎಂಬುದಕ್ಕೆ 1879ರಲ್ಲಿ ವುಲಿಚ್‌ನ ಗಣಿತ ಪ್ರಾಧ್ಯಾಪಕ ಆಲ್ಫ್ರೆಡ್ ಜಾರ್ಜ್ ಗ್ರೀನ್‌ಹಿಲ್ ಕೊಟ್ಟ ಸೂತ್ರ ಕೈಯಲ್ಲೇ ಮಾಡುವಷ್ಟು ಸುಲಭ. ಗುಂಡಿನ ವ್ಯಾಸವನ್ನು ಇಂಚಿನಲ್ಲಿ ತೆಗೆದುಕೊಂಡು ಅದರ ವರ್ಗ ಮಾಡಿ, 150ರಿಂದ ಗುಣಿಸಿ, ಗುಂಡಿನ ಉದ್ದದಿಂದ ಭಾಗಿಸಿದರೆ, ಎಷ್ಟು ಇಂಚಿಗೆ ಒಂದು ಸುತ್ತು ಬೇಕು ಎಂಬುದು ಸಿಗುತ್ತದೆ. .308ರ 175 ಗ್ರೇನ್ ಗುಂಡಿನ ಉದ್ದ ಸುಮಾರು 1.24 ಇಂಚು, ಲೆಕ್ಕ ಹಾಕಿದರೆ ಸುಮಾರು 11.5 ಬರುತ್ತದೆ. 6.5 ಕ್ರೀಡ್‌ಮೋರ್‌ನ .264 ಇಂಚು ವ್ಯಾಸದ, ಸುಮಾರು 1.38 ಇಂಚು ಉದ್ದದ 140 ಗ್ರೇನ್ ಗುಂಡಿಗೆ ಸುಮಾರು 7.6 ಬರುತ್ತದೆ. ಮಾರುಕಟ್ಟೆಯ .308 ನಳಿಗೆಗಳು 10ರಿಂದ 12 ಇಂಚಿನವು, 6.5 ಕ್ರೀಡ್‌ಮೋರ್‌ನವು ಬಹುಪಾಲು 8 ಇಂಚಿನವು. ಸೂತ್ರ ಹಳೆಯದಾದರೂ ದಾರಿ ತಪ್ಪಿಸುವುದಿಲ್ಲ. ವೇಗದ ಗುಂಡುಗಳಿಗೆ 150ರ ಬದಲು 180 ಇಟ್ಟುಕೊಳ್ಳುವ ರೂಢಿಯೂ ಇದೆ, ಆದರೆ ಉದ್ದನೆಯ ಗುಂಡುಗಳಿಗೆ ಅದು ಹೆಚ್ಚು ಉದಾರ ಎಂಬುದು ನನ್ನ ಅಭಿಪ್ರಾಯ. ಇಂದು ಹೆಚ್ಚಿನವರು ಡಾನ್ ಮಿಲ್ಲರ್ ರೂಪಿಸಿದ ಸ್ಥಿರತೆಯ ಸೂತ್ರವನ್ನು ಬಳಸುತ್ತಾರೆ. ಅದು ಗುಂಡಿನ ತೂಕ, ವೇಗ, ಗಾಳಿಯ ಉಷ್ಣತೆ ಮತ್ತು ಒತ್ತಡವನ್ನೂ ಲೆಕ್ಕಕ್ಕೆ ಸೇರಿಸಿ ಒಂದು ಸ್ಥಿರತೆಯ ಅಂಕಿಯನ್ನು ಕೊಡುತ್ತದೆ. ಅದು 1ಕ್ಕಿಂತ ಕಡಿಮೆಯಾದರೆ ಗುಂಡು ಮಗುಚುತ್ತದೆ, 1.5ರ ಆಸುಪಾಸು ಇದ್ದರೆ ನಿಶ್ಚಿಂತೆ.

ಇಲ್ಲಿ ಎರಡು ವಿಷಯಗಳನ್ನು ಒತ್ತಿ ಹೇಳಬೇಕು. ಸುತ್ತನ್ನು ಕೇಳುವುದು ಗುಂಡಿನ ಉದ್ದ, ತೂಕವಲ್ಲ. ಸೀಸವಿಲ್ಲದೆ ಇಡಿಯಾಗಿ ತಾಮ್ರದಿಂದ ಮಾಡಿದ ಗುಂಡು ಅದೇ ತೂಕದ ಸೀಸದ ಗುಂಡಿಗಿಂತ ಉದ್ದವಾಗಿರುತ್ತದೆ, ಏಕೆಂದರೆ ತಾಮ್ರ ಸೀಸಕ್ಕಿಂತ ಹಗುರ. ಆದ್ದರಿಂದ ‘ಈ ನಳಿಗೆ ಇಷ್ಟು ಗ್ರೇನಿನವರೆಗೆ’ ಎಂಬ ಬಾಯಿಮಾತಿನ ನಿಯಮ ಅಂಥ ಗುಂಡಿನ ಮುಂದೆ ಸೋಲುತ್ತದೆ. ಎರಡನೆಯದು, ತಣ್ಣನೆಯ ದಟ್ಟ ಗಾಳಿಯಲ್ಲಿ ಸ್ಥಿರತೆ ಕುಗ್ಗುತ್ತದೆ. ಆರಂಭದ ಎಆರ್-15 ರೈಫಲ್ಲುಗಳ ನಳಿಗೆ 14 ಇಂಚಿಗೆ ಒಂದು ಸುತ್ತಿನದಾಗಿತ್ತು. ಕೊರೆಯುವ ಚಳಿಯಲ್ಲಿ ನಡೆದ ಪರೀಕ್ಷೆಗಳಲ್ಲಿ ಗುಂಡುಗಳು ತೂರಾಡಿದ ಮೇಲೆ ಅದನ್ನು 12 ಇಂಚಿಗೆ ಇಳಿಸಿದರು. ಅಂಚಿನಲ್ಲಿರುವ ನಳಿಗೆ ಬೇಸಿಗೆಯ ಮಧ್ಯಾಹ್ನ ಒಳ್ಳೆಯ ಹೆಸರು ಪಡೆದು ಚಳಿಗಾಲದ ಬೆಳಿಗ್ಗೆ ಕೈಕೊಡುತ್ತದೆ. ಹೆಚ್ಚು ಬಿರುಸಿನ ಸುತ್ತಿನಿಂದ ನಿಖರತೆ ಕೆಡುತ್ತದೆ ಎಂಬ ಭಯ ಹಿಂದೆ, ಗುಂಡುಗಳ ತಯಾರಿಕೆ ಒರಟಾಗಿದ್ದ ಕಾಲದಲ್ಲಿ, ಅರ್ಥಪೂರ್ಣವಾಗಿತ್ತು. ಇಂದಿನ ಪಂದ್ಯದ ಗುಂಡುಗಳ ಮಟ್ಟಿಗೆ, ಎರಡರ ನಡುವೆ ಆಯ್ಕೆ ಇದ್ದರೆ ಬಿರುಸಿನ ನಳಿಗೆಯನ್ನೇ ತೆಗೆದುಕೊಳ್ಳಿ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ.

ಗುಂಡು ಮತ್ತು ಸುತ್ತು ಹೊಂದಿದ ಮೇಲೆ ಕೋಶದ ಸರದಿ. ಕೋಶ ದೊಡ್ಡದಾದಷ್ಟೂ ಮದ್ದು ಹೆಚ್ಚು, ವೇಗ ಹೆಚ್ಚು. ಅಲ್ಲಿಗೇ ನಿಲ್ಲುವವರು ಮ್ಯಾಗಜೀನಿನ ಉದ್ದವನ್ನು ಮರೆಯುತ್ತಾರೆ. .308ರ ಕೋಶದ ಕತ್ತನ್ನು 6.5 ಮಿಲಿಮೀಟರಿಗೆ ಕಿರಿದುಗೊಳಿಸಿದ .260 ರೆಮಿಂಗ್ಟನ್ 1997ರಲ್ಲೇ ಬಂದಿತ್ತು. ಹತ್ತು ವರ್ಷದ ಮೇಲೆ, 2007ರಲ್ಲಿ, ಹಾರ್ನಡಿ ಕಂಪನಿ 6.5 ಕ್ರೀಡ್‌ಮೋರ್ ತಂದಾಗ, ಅದೇ ವ್ಯಾಸದ ಗುಂಡಿಗೆ ಇನ್ನೊಂದು ತೋಟಾ ಏಕೆ ಎಂದು ಕೇಳಿದವರಿದ್ದರು. ಉತ್ತರ ಮೂರು ಮಿಲಿಮೀಟರಿನಲ್ಲಿತ್ತು. ಎರಡೂ ಸುಮಾರು 2.8 ಇಂಚಿನ ಗಿಡ್ಡ ಮ್ಯಾಗಜೀನಿನಲ್ಲಿ ಕೂರಬೇಕಾದ ತೋಟಾಗಳು. .260ರ ಕೋಶದ ಉದ್ದ 2.035 ಇಂಚು, ಕ್ರೀಡ್‌ಮೋರ್‌ನದು 1.920 ಇಂಚು. ಉದ್ದನೆಯ ಗುಂಡನ್ನು .260ರಲ್ಲಿ ಕೂರಿಸಿ ಮ್ಯಾಗಜೀನಿಗೆ ಹೊಂದಿಸಬೇಕೆಂದರೆ ಗುಂಡನ್ನು ಕೋಶದೊಳಗೆ ಆಳವಾಗಿ ತಳ್ಳಬೇಕು, ಅದು ಮದ್ದಿನ ಜಾಗವನ್ನೇ ಆಕ್ರಮಿಸುತ್ತದೆ. ಕ್ರೀಡ್‌ಮೋರ್‌ನ ಕೋಶ ಗಿಡ್ಡವಾದ್ದರಿಂದ ಗುಂಡಿನ ಉದ್ದನೆಯ ಮೂತಿ ಹೊರಗೇ ಉಳಿಯುತ್ತದೆ. ಮೇಲಾಗಿ ರೆಮಿಂಗ್ಟನ್ .260ಕ್ಕೆ 9 ಇಂಚಿನ ಸುತ್ತು ಕೊಟ್ಟಿತ್ತು, ಕ್ರೀಡ್‌ಮೋರ್ ಮೊದಲ ದಿನದಿಂದ 8 ಇಂಚಿನ ಸುತ್ತಿನೊಂದಿಗೆ ಬಂದಿತು. ಗುಂಡನ್ನು ಮೊದಲು ಇಟ್ಟುಕೊಂಡು ಅದರ ಸುತ್ತ ಕೋಶ, ಚೇಂಬರ್, ಮ್ಯಾಗಜೀನ್ ಕಟ್ಟಿದ್ದೇ ಅದರ ಗೆಲುವಿನ ಗುಟ್ಟು. 1955ರ ಪಾಠ ಅರ್ಧ ಶತಮಾನದ ನಂತರ ಮತ್ತೊಮ್ಮೆ ನಡೆಯಿತು.

6.5 ಕ್ರೀಡ್‌ಮೋರ್ ತೋಟಾದ ಹೆಸರು ನ್ಯೂಯಾರ್ಕಿನ ಲಾಂಗ್ ಐಲೆಂಡಿನಲ್ಲಿ 1873ರಲ್ಲಿ ತೆರೆದ ಕ್ರೀಡ್‌ಮೋರ್ ಶೂಟಿಂಗ್ ಮೈದಾನದ್ದು. ಮರುವರ್ಷ ಅಲ್ಲಿ ಐರ್ಲೆಂಡ್ ಮತ್ತು ಅಮೆರಿಕ ತಂಡಗಳು 800, 900, 1,000 ಗಜಗಳಲ್ಲಿ ಸೆಣಸಿದವು. ಐರಿಷರದು ಮೂತಿಯಿಂದ ಮದ್ದು ತುಂಬುವ ರಿಗ್ಬಿ ರೈಫಲ್ಲುಗಳು, ಅಮೆರಿಕನ್ನರದು ಹಿಂಬದಿಯಿಂದ ತೋಟಾ ತುಂಬುವ ರೆಮಿಂಗ್ಟನ್ ಮತ್ತು ಶಾರ್ಪ್ಸ್ ರೈಫಲ್ಲುಗಳು. ಅಮೆರಿಕ 934 ಅಂಕ, ಐರ್ಲೆಂಡ್ 931. ಐರಿಷ್ ತಂಡದ ಒಬ್ಬರು ಪಕ್ಕದವರ ಗುರಿಹಲಗೆಯ ನಡುಮಧ್ಯಕ್ಕೆ ಹೊಡೆದದ್ದರಿಂದ ಆ ಗುಂಡಿಗೆ ಸೊನ್ನೆ ಸಿಕ್ಕಿತ್ತು.

ಚೇಂಬರಿನ ಮುಂದೆ, ಸುರುಳಿ ಗೀರುಗಳು ಆರಂಭವಾಗುವ ಮುನ್ನ, ಗೀರಿಲ್ಲದ ಒಂದು ಸಣ್ಣ ಭಾಗವಿದೆ. ಅದನ್ನು ಗಂಟಲು ಎನ್ನೋಣ. ಕೋಶದಿಂದ ಬಿಡಿಸಿಕೊಂಡ ಗುಂಡು ಇಷ್ಟು ಅಂತರವನ್ನು ಆಧಾರವಿಲ್ಲದೆ ನೆಗೆದು ಗೀರುಗಳನ್ನು ಕಚ್ಚುತ್ತದೆ. ಗಂಟಲು ಬಹಳ ಉದ್ದವಾಗಿದ್ದರೆ ಗುಂಡು ಓರೆಯಾಗಿ ಕಚ್ಚುವ ಸಂಭವ ಹೆಚ್ಚು, ಬಹಳ ಗಿಡ್ಡವಾಗಿದ್ದರೆ ಉದ್ದನೆಯ ಗುಂಡಿನ ತೋಟಾ ಚೇಂಬರಿಗೆ ಸೇರುವುದೇ ಇಲ್ಲ ಅಥವಾ ಗುಂಡು ಗೀರಿಗೆ ಒತ್ತಿಕೊಂಡು ಕೂತು ಒತ್ತಡ ಏರುತ್ತದೆ. ಇಲ್ಲಿ ನಿಖರತೆಯ ಮಾತು ಸುರಕ್ಷತೆಯ ಮಾತಾಗಿ ಬದಲಾಗುತ್ತದೆ. .223 ರೆಮಿಂಗ್ಟನ್ ಮತ್ತು ಸೈನ್ಯದ 5.56 ಎಂಎಂ ತೋಟಾಗಳ ಕೋಶಗಳು ಹೊರನೋಟಕ್ಕೆ ಒಂದೇ, ಆದರೆ 5.56ರ ಚೇಂಬರಿನ ಗಂಟಲು ಉದ್ದ. ಅದಕ್ಕೆಂದು ಮಾಡಿದ ತೋಟಾವನ್ನು ಗಿಡ್ಡ ಗಂಟಲಿನ .223 ಚೇಂಬರಿನಲ್ಲಿ ಹಾರಿಸಿದರೆ ಒತ್ತಡ ಮಿತಿ ಮೀರಬಹುದು. ಇದಕ್ಕಿಂತ ಭಯಂಕರವಾದದ್ದು .300 ಬ್ಲ್ಯಾಕ್‌ಔಟ್ ತೋಟಾ. ಅದು .223ರ ಮ್ಯಾಗಜೀನಿನಲ್ಲಿ ಕೂರುತ್ತದೆ, ಕೆಲವೊಮ್ಮೆ ಚೇಂಬರಿಗೂ ಸೇರಿಬಿಡುತ್ತದೆ. ಆದರೆ ಅದರ ಗುಂಡು .308 ಇಂಚು, ಎದುರಿಗಿರುವ ನಳಿಗೆ .224 ಇಂಚು. ರೈಫಲ್ಲುಗಳು ಸಿಡಿದುಹೋದದ್ದು ಹೀಗೆ. ತೋಟಾದ ತಳದಲ್ಲಿ ಅಚ್ಚೊತ್ತಿದ ಹೆಸರು ಮತ್ತು ನಳಿಗೆಯ ಮೇಲೆ ಕೆತ್ತಿದ ಹೆಸರು ಅಕ್ಷರಶಃ ಒಂದೇ ಆಗಿರಬೇಕು. ‘ಹಿಡಿಸುತ್ತದೆ, ಆದ್ದರಿಂದ ಸರಿ’ ಎಂಬ ತರ್ಕಕ್ಕೆ ಇಲ್ಲಿ ಜಾಗವಿಲ್ಲ.

ಬೋಲ್ಟಿನ ಮುಖ ಕೋಶದ ತಳವನ್ನು ಹಿಡಿಯಬೇಕು. .308, .243, .260, 6.5 ಕ್ರೀಡ್‌ಮೋರ್ ಎಲ್ಲದರ ತಳವೂ .473 ಇಂಚು, ಹಾಗಾಗಿ ಈ ಕುಟುಂಬದೊಳಗೆ ನಳಿಗೆಯನ್ನಷ್ಟೇ ಬದಲಿಸಿ, ಹೆಡ್‌ಸ್ಪೇಸ್ (ಮುಚ್ಚಿದ ಬೋಲ್ಟಿನ ಮುಖದಿಂದ ಚೇಂಬರಿನಲ್ಲಿ ಕೋಶ ತಡೆದು ನಿಲ್ಲುವ ಜಾಗದವರೆಗಿನ ಅಂತರ) ಸರಿಯಾಗಿದೆಯೆಂದು ಗೇಜಿನಿಂದ ಪರೀಕ್ಷಿಸಿ, ಒಂದರಿಂದ ಇನ್ನೊಂದಕ್ಕೆ ಹೋಗಬಹುದು. .300 ವಿಂಚೆಸ್ಟರ್ ಮ್ಯಾಗ್ನಂ ಬೇಕೆಂದರೆ .532 ಇಂಚಿನ ತಳಕ್ಕೆ ಬೇರೆ ಬೋಲ್ಟು, ಉದ್ದನೆಯ ಮ್ಯಾಗಜೀನು, ಬೋಲ್ಟು ಓಡಾಡುವ ಉದ್ದನೆಯ ಆ್ಯಕ್ಷನ್ನು, ಎಲ್ಲವೂ ಬೇರೆ.

ಆ ದೊಡ್ಡ ಕೋಶಕ್ಕೆ ಎರಡು ಬೆಲೆ ತೆರಬೇಕು. ಒಂದು ಒದೆತ. ಗುಂಡು ಮತ್ತು ಮದ್ದಿನ ಅನಿಲ ಮುಂದಕ್ಕೆ ಒಯ್ಯುವ ಸಂವೇಗದಷ್ಟೇ ಕೋವಿ ಹಿಂದಕ್ಕೆ ಒದೆಯುತ್ತದೆ. ಕೋವಿ ಭಾರವಾದಷ್ಟೂ ಆ ಒದೆತ ನಿಧಾನವಾಗಿ ಭುಜ ತಲುಪುತ್ತದೆ. ಹೆಗಲ ಮೇಲೆ ಹೊತ್ತು ಬೆಟ್ಟ ಹತ್ತಲೆಂದು ಮಾಡಿದ ಮೂರು ಕಿಲೋ ಬೇಟೆಯ ರೈಫಲ್ಲಿಗೆ ಮ್ಯಾಗ್ನಂ ತೋಟಾ ಹಾಕಿ ದಿನಕ್ಕೆ ಅರವತ್ತು ಗುಂಡು ಹೊಡೆಯುವವನು ಸಂಜೆಯ ಹೊತ್ತಿಗೆ ಟ್ರಿಗರ್ ಮುಟ್ಟುವ ಮುನ್ನವೇ ಕಣ್ಣು ಮುಚ್ಚತೊಡಗುತ್ತಾನೆ. ಎಫ್-ಕ್ಲಾಸ್ ಎಂಬ ಪಂದ್ಯ ಪ್ರಕಾರದಲ್ಲಿ ಆಸರೆಯ ಮೇಲಿಟ್ಟು ಹೊಡೆಯುವ ರೈಫಲ್ಲುಗಳಿಗೆ ಒಂದು ವಿಭಾಗದಲ್ಲಿ 8.25 ಕಿಲೋ, ಇನ್ನೊಂದರಲ್ಲಿ 10 ಕಿಲೋ ತೂಕದ ಮಿತಿ ಇಟ್ಟಿದ್ದಾರೆ; ಮಿತಿಯ ಹತ್ತಿರದ ತೂಕಕ್ಕೇ ಹೆಚ್ಚಿನವರು ರೈಫಲ್ ಕಟ್ಟಿಸುತ್ತಾರೆ ಎಂಬುದೇ ಭಾರದ ಉಪಯೋಗವನ್ನು ಹೇಳುತ್ತದೆ. ಎರಡನೆಯ ಬೆಲೆ ನಳಿಗೆಯ ಆಯುಸ್ಸು. ಸಣ್ಣ ರಂಧ್ರದ ಮೂಲಕ ಹೆಚ್ಚು ಮದ್ದಿನ ಉರಿ ನುಗ್ಗಿದಷ್ಟೂ ಗಂಟಲಿನ ಲೋಹ ಬೇಗ ಸವೆಯುತ್ತದೆ. .308ರ ನಳಿಗೆ ಐದು ಸಾವಿರ ಗುಂಡಿನವರೆಗೆ ಪಂದ್ಯಕ್ಕೆ ಯೋಗ್ಯವಾಗಿ ಉಳಿಯಬಹುದು, 6.5 ಕ್ರೀಡ್‌ಮೋರ್‌ನದು ಸಾಮಾನ್ಯವಾಗಿ ಎರಡರಿಂದ ಮೂರು ಸಾವಿರದಲ್ಲಿ ದಣಿಯುತ್ತದೆ. ಅದೇ ವ್ಯಾಸದ, ಇನ್ನೂ ದೊಡ್ಡ ಕೋಶದ ತೋಟಾಗಳಲ್ಲಿ ಸಾವಿರದ ಆಚೀಚೆಗೇ ಮುಗಿದ ಉದಾಹರಣೆಗಳಿವೆ. ಕಲಿಯುವವನಿಗೆ ಬೇಕಾಗಿರುವುದು ಸಾವಿರಾರು ಗುಂಡುಗಳ ಅಭ್ಯಾಸ. ಹಾಗಾಗಿ ಗಾಳಿಯಲ್ಲಿ ಹಿಂದುಳಿಯುವ .308 ಕೂಡ ಮೊದಲ ರೈಫಲ್ಲಾಗಿ ಒಳ್ಳೆಯ ಆಯ್ಕೆಯೆಂದೇ ನಾನು ತಿಳಿದಿದ್ದೇನೆ. ಗಾಳಿಯ ತಪ್ಪನ್ನು ಅದು ಮುಚ್ಚಿಡುವುದಿಲ್ಲ, ದೊಡ್ಡದು ಮಾಡಿ ತೋರಿಸುತ್ತದೆ. ಎಫ್-ಕ್ಲಾಸ್‌ನ ಒಂದು ವಿಭಾಗ ಇಂದಿಗೂ .308 ವಿಂಚೆಸ್ಟರ್ ಮತ್ತು .223 ರೆಮಿಂಗ್ಟನ್‌ಗಳಿಗಷ್ಟೇ ಮೀಸಲು.

ನಳಿಗೆಯ ಉದ್ದದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಒಂದು ಇಂಚು ಹೆಚ್ಚಾದರೆ ಸೆಕೆಂಡಿಗೆ ಆರೇಳು ಮೀಟರ್ ವೇಗ ಹೆಚ್ಚುತ್ತದೆ, ಅಷ್ಟೆ. ಉದ್ದದಿಂದ ನಿಖರತೆ ತಾನಾಗಿ ಬರುವುದಿಲ್ಲ. ಗುಂಡಿನಿಂದ ಗುಂಡಿಗೆ ವೇಗ ಎಷ್ಟು ಒಂದೇ ಸಮನಾಗಿದೆ ಎಂಬುದು ಅದಕ್ಕಿಂತ ಮುಖ್ಯ. .308ರಲ್ಲಿ ಎರಡು ಗುಂಡುಗಳ ವೇಗದ ನಡುವೆ ಸೆಕೆಂಡಿಗೆ ಹತ್ತು ಮೀಟರ್ ಅಂತರವಿದ್ದರೆ 1,000 ಗಜದಲ್ಲಿ ಒಂದರ ಮೇಲೆ ಒಂದು ಸುಮಾರು ಒಂದು ಅಡಿ ದೂರ ಬೀಳುತ್ತವೆ. 100 ಗಜದಲ್ಲಿ ಆ ಅಂತರ ಕಣ್ಣಿಗೇ ಕಾಣುವುದಿಲ್ಲ. ಎಫ್-ಕ್ಲಾಸ್‌ನ ಅಮೆರಿಕದ ಗುರಿಹಲಗೆಯಲ್ಲಿ ಆ ದೂರಕ್ಕೆ ಹತ್ತು ಅಂಕದ ವೃತ್ತವೇ ಹತ್ತು ಇಂಚು ಎಂಬುದನ್ನು ಪಕ್ಕದಲ್ಲಿಟ್ಟು ನೋಡಬೇಕು. ಹಾಗಾಗಿ ತೋಟಾವನ್ನು ಹತ್ತಿರದ ಗುರಿಯಲ್ಲಿ ಮೂರು ಗುಂಡು ಹೊಡೆದು ಮೆಚ್ಚಿಕೊಳ್ಳುವುದು ದುಡುಕು. ಒಂದೇ ತಯಾರಿಕೆಯ, ಒಂದೇ ದಿನ ಹೊರಬಂದ ಎರಡು ರೈಫಲ್ಲುಗಳು ಒಂದೇ ತೋಟಾವನ್ನು ಬೇರೆ ಬೇರೆಯಾಗಿ ಹಾರಿಸುತ್ತವೆ. ಎರಡು ಮೂರು ಬಗೆಯ ಪಂದ್ಯದ ತೋಟಾಗಳನ್ನು ತಂದು, ಪ್ರತಿಯೊಂದರಿಂದಲೂ ಹತ್ತಿಪ್ಪತ್ತು ಗುಂಡು ಹೊಡೆದು, ವೇಗಮಾಪಕದಲ್ಲಿ ಅಂಕಿ ಬರೆದುಕೊಂಡು, ಆಮೇಲೆ ಒಂದನ್ನು ಒಪ್ಪಿಕೊಳ್ಳಬೇಕು. ಒಲಿಂಪಿಕ್ ಮಟ್ಟದ .22 ಶೂಟರ್‌ಗಳು ಒಂದೇ ಕಂಪನಿಯ ಒಂದೇ ಹೆಸರಿನ ತೋಟಾದಲ್ಲೂ ಬೇರೆ ಬೇರೆ ಬ್ಯಾಚುಗಳನ್ನು ತಮ್ಮ ನಳಿಗೆಯಲ್ಲಿ ಪರೀಕ್ಷಿಸಿ, ಹಿಡಿಸಿದ ಬ್ಯಾಚನ್ನು ರಾಶಿಯಾಗಿ ಕೊಳ್ಳುತ್ತಾರೆ.

ಭಾರತದಲ್ಲಿ ಈ ಆಯ್ಕೆಯ ಕ್ರಮ ಬಹುಪಾಲು ತಲೆಕೆಳಗು. 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಪರವಾನಗಿ ಯಾವ ಬೋರಿಗೆ (ನಳಿಗೆಯ ಒಳ ಅಳತೆಗೆ) ಸಿಗುತ್ತದೆ ಎಂಬುದೇ ಮೊದಲ ಪ್ರಶ್ನೆ. ಸೈನ್ಯದ .303 ತೋಟಾ ನಾಗರಿಕರ ಕೈಗೆ ಸಿಗಬಾರದೆಂಬ ಕಾರಣಕ್ಕೇ .315 ಬೋರಿನ ಬೇಟೆಯ ರೈಫಲ್ ಇಲ್ಲಿ ಬಳಕೆಗೆ ಬಂದು ಸರ್ಕಾರಿ ಕಾರ್ಖಾನೆಗಳಲ್ಲಿ ತಯಾರಾಗುತ್ತ ಬಂದಿದೆ. ಅದು ಸಾವಿರ ಗಜದ ನಿಖರತೆಗಾಗಿ ಹುಟ್ಟಿದ ತೋಟಾವಲ್ಲ. ಕೋವಿಗೆ ಪರವಾನಗಿಯ ವಿನಾಯಿತಿ ಪಡೆದಿರುವ ಕೊಡವರು ಮತ್ತು ಜಮ್ಮಾ ಹಿಡುವಳಿದಾರರ ನಾಡಿನಲ್ಲಿ ಕೈಲ್ ಪೋಳ್ದ್ ಹಬ್ಬದ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ಹತ್ತಿರದ ಗುರಿಯದು, ಅಲ್ಲಿ ಕೈ ಮತ್ತು ಕಣ್ಣಿನ ಸ್ಥಿರತೆಯೇ ಎಲ್ಲ. 1,000 ಗಜದ ಪಂದ್ಯಗಳಲ್ಲಿ ಕೈ ಹಾಕಬಯಸುವ ಕನ್ನಡಿಗರು ಹೆಚ್ಚಾಗಿ ಅಮೆರಿಕ, ಕೆನಡಾ, ಬ್ರಿಟನ್, ಆಸ್ಟ್ರೇಲಿಯಾಗಳಲ್ಲಿ ನೆಲೆಸಿದವರು, ಅಲ್ಲಿಯ ಕ್ಲಬ್ಬುಗಳ ಸದಸ್ಯರಾದವರು. ಅವರಲ್ಲಿ ಅನೇಕರಿಗೆ ಮೊದಲು ಸಿಗುವುದು ಯಾರೋ ಬಳಸಿ ಮಾರಿದ ರೈಫಲ್.

ಅಂಥ ರೈಫಲ್ ಕೈಗೆ ಬಂದಾಗ ಅದರ ಸುತ್ತನ್ನು ತಾವೇ ಅಳೆದುಕೊಳ್ಳಬಹುದು. ರೈಫಲ್ ಖಾಲಿ ಇದೆ ಎಂದು ಚೇಂಬರ್ ತೆರೆದು ನೋಡಿ ಖಚಿತಪಡಿಸಿಕೊಂಡ ಮೇಲೆ, ತಿರುಗುವ ಹಿಡಿಯುಳ್ಳ ಶುಚಿಗೊಳಿಸುವ ಸರಳಿಗೆ ಬಿಗಿಯಾಗಿ ಬಟ್ಟೆಯ ತುಂಡು ಸುತ್ತಿ ನಳಿಗೆಯೊಳಗೆ ತೂರಿಸಿ. ಬಟ್ಟೆ ಗೀರುಗಳನ್ನು ಕಚ್ಚಿದ ಮೇಲೆ ಸರಳಿನ ಮೇಲ್ಭಾಗದಲ್ಲಿ ಒಂದು ಗುರುತು ಹಾಕಿ, ನಳಿಗೆಯ ಬಾಯಿಯ ಮಟ್ಟದಲ್ಲಿ ಇನ್ನೊಂದು ಗುರುತು ಹಾಕಿ, ನಿಧಾನವಾಗಿ ಒಳಕ್ಕೆ ತಳ್ಳುತ್ತ ಹೋಗಿ. ಮೇಲಿನ ಗುರುತು ಒಂದು ಪೂರ್ತಿ ಸುತ್ತು ಬಂದು ಮತ್ತೆ ಮೇಲಕ್ಕೆ ಬಂದಾಗ ಸರಳು ಎಷ್ಟು ಇಂಚು ಒಳಗೆ ಹೋಗಿದೆಯೋ ಅದೇ ಆ ನಳಿಗೆಯ ಸುತ್ತು. ಮೂರು ಸಲ ಅಳೆದು ಸರಾಸರಿ ತೆಗೆದುಕೊಂಡರೆ ಸಾಕು. ಹೆಸರು ಬದಲಿಸುವ ಮುಂಚೆಯೇ ರೆಮಿಂಗ್ಟನ್ ತನ್ನ .244 ನಳಿಗೆಗಳ ಸುತ್ತನ್ನು ಸದ್ದಿಲ್ಲದೆ 9 ಇಂಚಿಗೆ ಬದಲಿಸಿತ್ತು, ಹಾಗಾಗಿ ‘.244’ ಎಂದು ಕೆತ್ತಿದ ಎರಡು ಹಳೆಯ ರೈಫಲ್ಲುಗಳಲ್ಲಿ ಒಂದು 100 ಗ್ರೇನ್ ಗುಂಡನ್ನು ತೂರಾಡಿಸಬಹುದು, ಇನ್ನೊಂದು ಅದನ್ನು ನೆಟ್ಟಗೆ ಕಳಿಸಬಹುದು. ಯಾವುದು ಯಾವುದೆಂದು ಹೇಳುವುದು ಆ ಸರಳಿನ ಮೇಲಿನ ಗುರುತು ಮಾತ್ರ.